ಕೆಲಸ ಕೇಳುವ ಕಾಗದ ರಜಾ ಅರ್ಜಿಯಲ್ಲ!

(ಕುಮಟಾದಲ್ಲಿ ಕನ್ನಡ ಗೆಳೆಯರು ಸೇರಿಸಿದ್ದ ಯುವಕ ಯುವತಿಯರ ಸಭೆಯಲ್ಲಿ ಹೊನ್ನಾವರದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಈಗ ವಯಸ್ಸು ನಲವತ್ತೈದು ದಾಟಿದೆ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ರಸೀದಿ ಪುಸ್ತಕ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಕರಪತ್ರ, ಇವೇ ನನ್ನ ಸಾಹಿತ್ಯ! ಹಾಗಿದ್ದರೂ ಗೆಳೆಯರು ನನ್ನನ್ನೇ ಕರೆದರು. ಕಾರಣ ಇಷ್ಟೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕಿನಲ್ಲಿ ಕೆಲಸ ಹುಡುಕಿ ಹೊರಟ ಹುಡುಗರು ಊರು ಬಿಡುವ ಮೊದಲು ನನ್ನಂಥವನ ಅಂಗಡಿ ಹತ್ತಿಯೇ ಹೋಗುತ್ತಾರೆ. ಅರ್ಜಿ ಟೈಪು ಮಾಡಿಸಲು, ಬಯೋಡಾಟಾ ಪ್ರಿಂಟು ತೆಗೆಸಲು, ಅಂಕಪಟ್ಟಿ ಜೆರಾಕ್ಸು ಮಾಡಿಸಲು. ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಾನು ಆ ಕಾಗದಗಳನ್ನು ನೋಡಿದ್ದೇನೆ. ಆದ್ದರಿಂದ ಇಂದು ಕನ್ನಡದ ಹೆಸರಿನಲ್ಲಿ ನಾನು ಘೋಷಣೆ ಕೂಗುವುದಿಲ್ಲ. ಕೆಲಸ ಕೇಳಿ ಬರೆಯುವ ಒಂದು ಪುಟದ ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ.

"ಇದೇನು ಮಾರಾಯರೇ, ಕನ್ನಡದ ಸಭೆಯಲ್ಲಿ ಅರ್ಜಿ ಬರೆಯುವ ಪಾಠ?" ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಕೊನೆಯಲ್ಲಿ ಕೊಡುತ್ತೇನೆ. ಮೊದಲು ನನ್ನದೊಂದು ಪಾಪ ಒಪ್ಪಿಕೊಳ್ಳಬೇಕು.

ಮೂವತ್ತು ರೂಪಾಯಿಯ ಪಾಪ

ನನ್ನ ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಅರ್ಜಿ ಇತ್ತು. ಎಲ್ಲಿಂದ ಬಂತೋ ದೇವರೇ ಬಲ್ಲ. "ರೆಸ್ಪೆಕ್ಟೆಡ್ ಸರ್" ಎಂದು ಶುರು. ನಾನು ಡಿಲಿಜೆಂಟ್, ನಾನು ಡೈನಾಮಿಕ್, ನಿಮ್ಮ ಎಸ್ಟೀಮ್ಡ್ ಆರ್ಗನೈಸೇಶನ್ನಿನಲ್ಲಿ ಒಂದು ಅವಕಾಶ ಕೊಟ್ಟರೆ ನಿಮ್ಮ ಪೂರ್ಣ ತೃಪ್ತಿಗೆ ದುಡಿಯುತ್ತೇನೆ ಎಂದು ಮುಗಿತಾಯ. ಹುಡುಗರು ಬರುತ್ತಿದ್ದರು. "ಅಣ್ಣಾ, ಒಂದು ಅರ್ಜಿ ಮಾಡಿ ಕೊಡಿ" ಎನ್ನುತ್ತಿದ್ದರು. ನಾನು ಹೆಸರು, ವಿಳಾಸ ಬದಲಿಸಿ ಪ್ರಿಂಟು ತೆಗೆದು ಕೊಡುತ್ತಿದ್ದೆ. ಮೂವತ್ತು ರೂಪಾಯಿ. ಬಿ.ಕಾಂ. ಓದಿದವನಿಗೂ ಅದೇ, ಐಟಿಐ ಮಾಡಿದವನಿಗೂ ಅದೇ, ನರ್ಸಿಂಗ್ ಕಲಿತ ತಂಗಿಗೂ ಅದೇ. ಎಲ್ಲರೂ ಡೈನಾಮಿಕ್!

ಒಮ್ಮೆ ಇಬ್ಬರು ಗೆಳೆಯರು, ಒಂದೇ ಊರಿನವರು, ಬೇರೆ ಬೇರೆ ದಿನ ಬಂದು ಅದೇ ಕಾಗದ ಒಯ್ದರು. ಇಬ್ಬರೂ ಹೋದದ್ದು ಬೆಂಗಳೂರಿನ ಒಂದೇ ಕಂಪನಿಗೆ, ಒಂದೇ ಹುದ್ದೆಗೆ. ಸಂದರ್ಶನ ಮಾಡುವವರು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರಂತೆ. ಎರಡನೆಯವನ ಕಾಗದದ ಕೊನೆಯಲ್ಲಿ ಮೊದಲನೆಯವನ ಹೆಸರು ಹಾಗೇ ಉಳಿದಿತ್ತು. ಆ ತಪ್ಪು ಆ ಹುಡುಗನದಲ್ಲ, ನನ್ನದು. ಅವರು ಹೆಚ್ಚೇನೂ ಬೈಯಲಿಲ್ಲವಂತೆ. "ಡಿಲಿಜೆಂಟ್ ಅಂದರೆ ಏನಪ್ಪಾ?" ಎಂದು ಒಂದೇ ಪ್ರಶ್ನೆ ಕೇಳಿದರಂತೆ. ಇಬ್ಬರೂ ತಲೆ ತಗ್ಗಿಸಿ ಕೂತರಂತೆ.

ಊರಿಗೆ ಬಂದ ಮೇಲೆ ಅವರಲ್ಲೊಬ್ಬ ಅಂಗಡಿಗೆ ಬಂದ. ಜಗಳ ಮಾಡಲಿಲ್ಲ. "ಅಣ್ಣಾ, ನೀವು ಬರೆದುಕೊಟ್ಟದ್ದರ ಅರ್ಥ ನನಗೂ ಹೇಳಿಕೊಟ್ಟಿದ್ದರೆ ಆಗುತ್ತಿತ್ತು" ಎಂದ. ಮೂವತ್ತು ರೂಪಾಯಿ ವಾಪಸು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ನಿಜ ಹೇಳುತ್ತೇನೆ, ಆ ಅರ್ಥ ನನಗೂ ಸರಿಯಾಗಿ ಗೊತ್ತಿರಲಿಲ್ಲ! ಆ ರಾತ್ರಿ ಆ ಫೈಲನ್ನು ಅಳಿಸಿ ಹಾಕಿದೆ.

ಅರ್ಜಿ ಎಂಬ ಶಬ್ದದಲ್ಲೇ ಕೈಮುಗಿಯುವುದಿದೆ

ಆಮೇಲೆ ಯೋಚಿಸಿದೆ. ನಮ್ಮ ಹುಡುಗರು ದಡ್ಡರೇ? ಖಂಡಿತ ಅಲ್ಲ. ಮೀನು ಹರಾಜಿನಲ್ಲಿ ನಿಂತು ಬಾಯಿಲೆಕ್ಕ ಮಾಡುವವರು, ಒಂದೇ ಉಸಿರಿನಲ್ಲಿ ನಾಲ್ಕು ಭಾಷೆ ಆಡುವವರು. ಮತ್ತೆ ಒಂದು ಪುಟ ಬರೆಯಲು ಏಕೆ ತಡವರಿಸುತ್ತಾರೆ?

ಕಾರಣ, ನಮಗೆ ಶಾಲೆಯಲ್ಲಿ ಕಲಿಸಿದ್ದು ಒಂದೇ ಅರ್ಜಿ. ರಜಾ ಅರ್ಜಿ! "ಇವರಿಂದ, ಇವರಿಗೆ, ವಿಷಯ, ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಜ್ವರ ಬಂದ ಕಾರಣ..." ಅದೇ ಧಾಟಿ ನಮ್ಮ ಕೈಗೆ ಅಂಟಿಬಿಟ್ಟಿದೆ. ಕೆಲಸ ಕೇಳುವಾಗಲೂ ನಾವು ಅದನ್ನೇ ಬರೆಯುತ್ತೇವೆ. ಮನೆಯಲ್ಲಿ ಬಡತನ, ತಂದೆಗೆ ಕಾಯಿಲೆ, ತಂಗಿಯ ಮದುವೆ, ದಯಮಾಡಿ ಕೆಲಸ ಕೊಡಿ. 'ಅರ್ಜಿ' ಎಂಬ ಶಬ್ದವೇ ಅರಬ್ಬೀ-ಪಾರಸಿ ಮೂಲದಿಂದ ಬಂದದ್ದು. ಅಧಿಕಾರದಲ್ಲಿದ್ದವರ ಮುಂದೆ ಮಾಡುವ ಬಿನ್ನಹ ಎಂದೇ ಅದರ ಅರ್ಥ. ಶಬ್ದದಲ್ಲೇ ಕೈಮುಗಿಯುವುದಿದೆ.

ಗೆಳೆಯರೇ, ರಜೆ ಕೇಳುವವನು ಏನನ್ನೋ ಬಿಡಿಸಿಕೊಳ್ಳಲು ಹೋಗುತ್ತಾನೆ. ಕೆಲಸ ಕೇಳುವವನು ಏನನ್ನೋ ಕೊಡಲು ಹೋಗುತ್ತಾನೆ. ಈ ವ್ಯತ್ಯಾಸ ತಿಳಿದರೆ ಅರ್ಧ ಕಾಗದ ಬರೆದಂತೆಯೇ! ಅಂಗಡಿಯವನಿಗೆ ಲೆಕ್ಕ ಬರೆಯುವವರು ಬೇಕು. ನಿಮಗೆ ಲೆಕ್ಕ ಬರೆಯಲು ಬರುತ್ತದೆ. ಅವನಿಗೆ ನಿಮ್ಮ ಬಡತನ ಬೇಡ, ನಿಮ್ಮ ಲೆಕ್ಕ ಬೇಕು. ಹಾಗಾದರೆ ಕಾಗದದಲ್ಲಿ ಇರಬೇಕಾದದ್ದು ಯಾವುದು?

ನಾನು ಕೇಳುವ ನಾಲ್ಕು ಪ್ರಶ್ನೆ

ಆ ಫೈಲು ಅಳಿಸಿದ ಮೇಲೆ ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿದೆ. ಅರ್ಜಿ ಕೇಳಿ ಬಂದವರನ್ನು ಎದುರು ಕೂರಿಸಿ ಕನ್ನಡದಲ್ಲಿ ನಾಲ್ಕು ಪ್ರಶ್ನೆ ಕೇಳುತ್ತೇನೆ. ಅವರು ಬಾಯಲ್ಲಿ ಹೇಳಿದ್ದನ್ನೇ ಟೈಪು ಮಾಡುತ್ತೇನೆ.

ಒಂದು: ಯಾವ ಕೆಲಸ? ಅದು ಖಾಲಿ ಇದೆಯೆಂದು ನಿಮಗೆ ಹೇಗೆ ಗೊತ್ತಾಯಿತು? "ಯಾವುದಾದರೂ ಕೆಲಸ ಇದ್ದರೆ" ಎಂದು ಬರೆದ ಕಾಗದ ಯಾವ ಕೆಲಸಕ್ಕೂ ಆಗುವುದಿಲ್ಲ.

ಎರಡು: ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ನಡೆಯುವ ಕೆಲಸ ಏನು? ಇದಕ್ಕೆ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಗೊತ್ತಿಲ್ಲದಿದ್ದರೆ ಜಾಹೀರಾತನ್ನು ಮೂರು ಸಲ ಓದಿ. ಅಂಥ ಕಡೆ ದುಡಿಯುವ ಪರಿಚಯದವರಿಗೆ ಫೋನು ಮಾಡಿ ಕೇಳಿ. ಜಾಹೀರಾತಿನಲ್ಲಿ ಅವರು ಬೇಕೆಂದ ಎರಡು ಮೂರು ಸಂಗತಿಗಳಿಗೆ ಗೆರೆ ಎಳೆಯಿರಿ. ನಿಮ್ಮ ಕಾಗದ ಆ ಗೆರೆಗಳಿಗೆ ಉತ್ತರ ಕೊಡಬೇಕು.

ಮೂರು: ಅದಕ್ಕೆ ಹತ್ತಿರವಾದ ಯಾವ ಕೆಲಸವನ್ನು ನೀವು ನಿಮ್ಮ ಕೈಯಾರೆ ಮಾಡಿದ್ದೀರಿ? ಎಷ್ಟು ದಿನ? ಎಷ್ಟು ಪ್ರಮಾಣದಲ್ಲಿ?

ನಾಲ್ಕು: ಕರೆದರೆ ಯಾವಾಗ ಬಂದು ಸೇರಬಲ್ಲಿರಿ? ನಿಮ್ಮನ್ನು ಯಾವ ಫೋನಿನಲ್ಲಿ ಹಿಡಿಯಬೇಕು?

ಮೂರನೆಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: "ನಾನು ಏನೂ ಮಾಡಿಲ್ಲ ಅಣ್ಣಾ, ಈಗಷ್ಟೇ ಡಿಗ್ರಿ ಮುಗಿದಿದೆ." ಒಮ್ಮೆ ಇದೇ ಕುಮಟಾ ತಾಲೂಕಿನ ತಂಗಿಯೊಬ್ಬಳು ಹಾಗೆಂದಳು. ಬೆಂಗಳೂರಿನ ದೊಡ್ಡ ಅಂಗಡಿಯೊಂದರ ಮಾರಾಟ ವಿಭಾಗಕ್ಕೆ ಹೊರಟಿದ್ದಳು. ನಾನು ಬಿಡಲಿಲ್ಲ. "ಬೇಸಿಗೆ ರಜೆಯಲ್ಲಿ ಏನು ಮಾಡುತ್ತಿದ್ದೆ ತಂಗೀ?" ಎಂದೆ. ಅಳ್ವೆಕೋಡಿಯ ಹತ್ತಿರ ಹೆದ್ದಾರಿಯ ಬದಿಗೆ ಕುಮಟಾ ಈರುಳ್ಳಿಯ ಗೊಂಚಲು ತೂಗುಹಾಕಿ ಮಾರುತ್ತಾರಲ್ಲ, ನಿಮಗೆಲ್ಲ ಗೊತ್ತು. ಅಲ್ಲಿ ಅಮ್ಮನ ಜೊತೆ ಕೂತು ಐದು ಬೇಸಿಗೆ ಈರುಳ್ಳಿ ಮಾರಿದ್ದಳು. ಗೋವೆಯ ಕಾರಿನವರೊಂದಿಗೆ ಕೊಂಕಣಿ, ಲಾರಿಯವರೊಂದಿಗೆ ಹಿಂದಿ, ಊರವರೊಂದಿಗೆ ಕನ್ನಡ. ಚೌಕಾಸಿ, ಚಿಲ್ಲರೆ, ಸಂಜೆಯ ಲೆಕ್ಕ ಎಲ್ಲ ಅವಳದೇ. "ಇದನ್ನು ಬರೆಯುವುದೇ? ನಗುವುದಿಲ್ಲವೇ?" ಎಂದಳು. ನಗುವವರು ನಗಲಿ! ಮಾರಾಟದ ಕೆಲಸಕ್ಕೆ ಐದು ಬೇಸಿಗೆ ಮಾರಾಟ ಮಾಡಿದ ಅನುಭವಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ? ಅದನ್ನೇ ಬರೆದೆವು. ಸಂದರ್ಶನದಲ್ಲಿ ಹೆಚ್ಚು ಹೊತ್ತು ಮಾತು ನಡೆದದ್ದು ಈರುಳ್ಳಿಯ ಬಗ್ಗೆಯೇ ಎಂದು ಆಮೇಲೆ ಫೋನು ಮಾಡಿ ಹೇಳಿದಳು. ತನಗೆ ಗೊತ್ತಿದ್ದ ಸಂಗತಿ. ಆದ್ದರಿಂದ ನಾಲಿಗೆ ಒಣಗಲಿಲ್ಲ.

ಒಂದು ಮಾದರಿ, ನಕಲಿಗಲ್ಲ!

ಮಾತಿನಲ್ಲಿ ಹೇಳಿದರೆ ಹಾರಿಹೋಗುತ್ತದೆ. ಒಂದು ಕಾಗದ ಓದುತ್ತೇನೆ. ಹೊನ್ನಾವರದ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ವಾಹನಗಳ ಬಿಡಿಭಾಗ ಮಾರುವ ಸಗಟು ಅಂಗಡಿಗೆ ಬರೆಯುತ್ತಿದ್ದಾನೆಂದು ಇಟ್ಟುಕೊಳ್ಳಿ.

"ಮಾನ್ಯರೇ,

ವಿಷಯ: ಲೆಕ್ಕ ಸಹಾಯಕ ಹುದ್ದೆಗೆ.

ಉಲ್ಲೇಖ: ಇದೇ ತಿಂಗಳ 4ರ ಪತ್ರಿಕೆಯಲ್ಲಿ ಬಂದ ತಮ್ಮ ಜಾಹೀರಾತು.

ಗ್ಯಾರೇಜುಗಳಿಗೆ ಉದ್ರಿ ಕೊಟ್ಟ ಸಾಮಾನಿನ ಬಾಕಿ ಲೆಕ್ಕ ನೋಡಲು ತಮಗೆ ಜನ ಬೇಕೆಂದು ಜಾಹೀರಾತಿನಿಂದ ತಿಳಿಯಿತು. ಆ ಕೆಲಸ ನನಗೆ ಹೊಸದಲ್ಲ.

ಸೋದರಮಾವನ ಮೀನು ವ್ಯಾಪಾರದಲ್ಲಿ ಎರಡು ಹಂಗಾಮು ಉದ್ರಿ ಪುಸ್ತಕ ಬರೆದಿದ್ದೇನೆ. ದಿನಕ್ಕೆ ಸುಮಾರು 40 ಗಿರಾಕಿಗಳ ಲೆಕ್ಕ. ಜೂನ್ 1ಕ್ಕೆ ಮೀನುಗಾರಿಕೆ ನಿಲ್ಲುವ ಮೊದಲು ಎಲ್ಲರ ಬಾಕಿಯ ಪಟ್ಟಿ ಮಾಡಿ ವಸೂಲಿಗೂ ಹೋಗಿದ್ದೇನೆ. ಬಿ.ಕಾಂ. ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದೇನೆ. ಟ್ಯಾಲಿಯಲ್ಲಿ ಬಿಲ್ಲು ಮತ್ತು ಬಾಕಿ ಪಟ್ಟಿ ತೆಗೆಯಲು ಬರುತ್ತದೆ. ಜಿ.ಎಸ್.ಟಿ. ರಿಟರ್ನ್ ತುಂಬಿದ ಅನುಭವ ಇಲ್ಲ, ಕಲಿಯಲು ಸಿದ್ಧನಿದ್ದೇನೆ.

ಕನ್ನಡ ಓದಿ ಬರೆಯಬಲ್ಲೆ. ಕೊಂಕಣಿ ಮತ್ತು ಹಿಂದಿಯಲ್ಲಿ ವ್ಯವಹಾರ ಮಾಡಬಲ್ಲೆ. ಇಂಗ್ಲಿಷ್ ಬಿಲ್ಲು, ಪತ್ರ ಓದಿ ತಿಳಿಯಬಲ್ಲೆ.

ಕರೆದರೆ ಯಾವ ದಿನವಾದರೂ ಸಂದರ್ಶನಕ್ಕೆ ಬರುತ್ತೇನೆ. ಆಯ್ಕೆಯಾದರೆ ಹದಿನೈದು ದಿನದೊಳಗೆ ಬಂದು ಸೇರಬಲ್ಲೆ.

ತಮ್ಮ ವಿಶ್ವಾಸಿ"

ಕೆಳಗೆ ಸಹಿ, ಹೆಸರು, ಫೋನು, ಸ್ಥಳ, ದಿನಾಂಕ. ಅದರ ಕೆಳಗೆ 'ಅಡಕ' ಎಂದು ಬರೆದು ಜೊತೆಗಿಟ್ಟ ಕಾಗದಗಳ ಪಟ್ಟಿ. ಮುಗಿಯಿತು.

ಇದರಲ್ಲಿ 'ಡೈನಾಮಿಕ್' ಎಲ್ಲೂ ಇಲ್ಲ. ಆದರೆ ಓದಿದವನಿಗೆ ಒಬ್ಬ ಮನುಷ್ಯ ಕಣ್ಣೆದುರು ನಿಲ್ಲುತ್ತಾನೆ. ಇನ್ನೊಂದು ಗಮನಿಸಿ. ಬರದ್ದನ್ನು ಬರುವುದಿಲ್ಲವೆಂದು ಹೇಳಿದ್ದಾನೆ. ಒಂದು ಸತ್ಯದ ಸಾಲು ಉಳಿದ ಹತ್ತು ಸಾಲುಗಳನ್ನು ನಂಬಿಸುತ್ತದೆ. ಸುಳ್ಳು ಬರೆದರೆ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ನನ್ನ ಆ ಇಬ್ಬರು ಹುಡುಗರನ್ನು ನೆನಪಿಡಿ.

ಬಯೋಡಾಟಾದಲ್ಲಿ ಇರುವುದನ್ನೆಲ್ಲ ಇಲ್ಲಿ ಮತ್ತೆ ತುರುಕಬೇಡಿ. ಬಯೋಡಾಟಾ ಅಂದರೆ ಸಾಮಾನಿನ ಪಟ್ಟಿ. ಅದರಲ್ಲಿ ಇವರಿಗೆ ಬೇಕಾದ ಎರಡು ಸಾಮಾನನ್ನು ಎತ್ತಿ ತೋರಿಸುವುದು ಈ ಕಾಗದದ ಕೆಲಸ. ಒಂದು ಪುಟ ದಾಟಬಾರದು.

ಎಫ್.ಎ. ಫೇಲಾದವನ ಕಾಗದ

"ನಾನು ಫೇಲಾಗಿದ್ದೇನೆ, ಒಂದು ವರ್ಷ ಖಾಲಿ ಕೂತಿದ್ದೇನೆ, ಅದನ್ನೆಲ್ಲ ಹೇಗೆ ಬರೆಯಲಿ?" ಎಂದು ಕೇಳುವವರಿದ್ದಾರೆ. ಅವರಿಗೆ ಒಬ್ಬರ ಕಥೆ ಹೇಳುತ್ತೇನೆ.

1912ರ ಫೆಬ್ರುವರಿ 9. ಮದ್ರಾಸಿನಲ್ಲಿ 24 ವರ್ಷದ ಯುವಕನೊಬ್ಬ ಬಂದರು ಕಚೇರಿಗೆ, ಅಂದರೆ ಮದ್ರಾಸ್ ಪೋರ್ಟ್ ಟ್ರಸ್ಟಿಗೆ, ಗುಮಾಸ್ತನ ಕೆಲಸ ಕೇಳಿ ಕಾಗದ ಬರೆದ. ಎಫ್.ಎ. ಪರೀಕ್ಷೆಯಲ್ಲಿ ಅವನು ಪಾಸಾಗಿರಲಿಲ್ಲ. ಎಫ್.ಎ. ಅಂದರೆ ಈಗಿನ ಪಿಯುಸಿಯ ಮಟ್ಟ. ಕಾಗದ ಕೆಲವೇ ಸಾಲು. ನಿಮ್ಮಲ್ಲಿ ಗುಮಾಸ್ತನ ಜಾಗ ಖಾಲಿ ಇದೆಯೆಂದು ತಿಳಿಯಿತು. ಮೆಟ್ರಿಕ್ಯುಲೇಶನ್ ಪಾಸಾಗಿದ್ದೇನೆ, ಎಫ್.ಎ. ತನಕ ಓದಿದ್ದೇನೆ, ಕಷ್ಟದ ಸಂದರ್ಭಗಳಿಂದ ಓದು ಮುಂದುವರಿಯಲಿಲ್ಲ. ಆದರೆ ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ. ಈ ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸುತ್ತೇನೆಂಬ ವಿಶ್ವಾಸ ಇದೆ. ಇಷ್ಟೇ ಅದರ ತಿರುಳು. ಆ ಕಾಲದ ರೂಢಿಯ ವಿನಯದ ಮಾತು ಇದೆ, ಗೋಳಾಟ ಇಲ್ಲ. ಓದು ನಿಂತದ್ದನ್ನು ಅರ್ಧ ಸಾಲಿನಲ್ಲಿ ಹೇಳಿ, ಆ ಸಮಯದಲ್ಲಿ ತಾನು ಏನು ಮಾಡಿದೆ ಎಂಬುದಕ್ಕೆ ಹೋಗಿಬಿಟ್ಟ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರ ಶಿಫಾರಸು ಇತ್ತು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ಸಿಕ್ಕಿತು.

ಆ ಯುವಕನ ಹೆಸರು ಶ್ರೀನಿವಾಸ ರಾಮಾನುಜನ್!

ಮುಂದಿನ ವರ್ಷ, 1913ರ ಜನವರಿ 16ರಂದು, ಅದೇ ಗುಮಾಸ್ತ ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಇನ್ನೊಂದು ಕಾಗದ ಬರೆದ. ತಾನು ಬಂದರು ಕಚೇರಿಯ ಲೆಕ್ಕ ವಿಭಾಗದ ಗುಮಾಸ್ತ, ವಿಶ್ವವಿದ್ಯಾಲಯದ ಶಿಕ್ಷಣ ಇಲ್ಲ ಎಂದು ಮೊದಲೇ ಹೇಳಿದ. ಆಮೇಲೆ ತನ್ನನ್ನು ಹೊಗಳಿಕೊಳ್ಳುವ ಬದಲು ತಾನು ಕಂಡುಹಿಡಿದ ಸೂತ್ರಗಳ ಹಾಳೆಗಳನ್ನೇ ಜೊತೆಗಿಟ್ಟ. 1914ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ.

ನಾವೆಲ್ಲ ರಾಮಾನುಜನ್ ಆಗಲಾರೆವು. ಆದರೆ ಅವರ ಎರಡು ಉಪಾಯಗಳು ನಮಗೂ ಸಲ್ಲುತ್ತವೆ. ಸೋಲನ್ನು ಅರ್ಧ ಸಾಲಿನಲ್ಲಿ ಮುಗಿಸುವುದು ಒಂದು. ಸಾಧ್ಯವಿದ್ದರೆ ಕೆಲಸದ ಮಾದರಿಯನ್ನೇ ಜೊತೆಗಿಡುವುದು ಇನ್ನೊಂದು. ಡಿಸೈನ್ ಕಲಿತವರು ಮಾಡಿದ ಎರಡು ಪೋಸ್ಟರು ಇಡಿ. ವೆಲ್ಡಿಂಗ್ ಕಲಿತವರು ತಾವು ಮಾಡಿದ ಗೇಟಿನ ಫೋಟೋ ಇಡಿ.

ಕನ್ನಡ ನಿಮ್ಮ ಅರ್ಹತೆ, ಮುಚ್ಚಿಡಬೇಡಿ!

ಈಗ ಕನ್ನಡಕ್ಕೆ ಬರುತ್ತೇನೆ. ನಾನು ನೋಡಿದ ಸಾವಿರಾರು ಬಯೋಡಾಟಾಗಳಲ್ಲಿ 'ಗೊತ್ತಿರುವ ಭಾಷೆಗಳು' ಎಂಬ ಸಾಲು ಕಟ್ಟಕಡೆಗೆ ಇರುತ್ತದೆ. ಅದರಲ್ಲೂ ಇಂಗ್ಲಿಷ್ ಮೊದಲು, ಹಿಂದಿ ಆಮೇಲೆ, ಕನ್ನಡ ಕೊನೆಗೆ. ಏಕೆ ಈ ನಾಚಿಕೆ?

ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ, ಗ್ರಾಹಕರ ದೂರು ಕೇಳುವ ಫೋನಿನಲ್ಲಿ, ಸಾಲ ವಸೂಲಿಯಲ್ಲಿ, ಮನೆಮನೆಗೆ ಸಾಮಾನು ಮುಟ್ಟಿಸುವ ಕಂಪನಿಯಲ್ಲಿ ಎದುರಿಗೆ ಬರುವವರು ಯಾರು? ಕನ್ನಡದ ಜನ. ಅವರ ಮಾತು ಕೇಳಿ ಅರ್ಥ ಮಾಡಿಕೊಂಡು, ಅವರಿಗೆ ಕನ್ನಡದಲ್ಲಿ ಬರೆದುಕೊಡಬಲ್ಲವನು ಆ ಕಂಪನಿಗೆ ಲಾಭದ ಮನುಷ್ಯ. ಆದ್ದರಿಂದ ಜನರೊಡನೆ ವ್ಯವಹರಿಸುವ ಯಾವುದೇ ಕೆಲಸಕ್ಕೆ ಬರೆಯುವಾಗ 'ಕನ್ನಡ ಮಾತಾಡಲು, ಓದಲು, ಬರೆಯಲು ಬರುತ್ತದೆ' ಎಂಬ ಸಾಲನ್ನು ಕಾಗದದ ನಡುವಿಗೇ ತನ್ನಿ. ಮನೆಯಲ್ಲಿ ಕೊಂಕಣಿ ಆಡುವವರು, ಭಟ್ಕಳದ ನವಾಯತಿ ಆಡುವವರು, ಉರ್ದು ಬಲ್ಲವರು, ಅದನ್ನೂ ಬರೆಯಿರಿ. ಈ ಕರಾವಳಿಯ ಮಕ್ಕಳಿಗೆ ಪೇಟೆಯೇ ಕಲಿಸಿದ ಪದವಿ ಅದು.

ಒಂದು ಎಚ್ಚರಿಕೆ. 'ಬರೆಯಲು ಬರುತ್ತದೆ' ಎಂದು ಹಾಕುವ ಮೊದಲು ಬರೆಯಲು ಬರಬೇಕು! ಬೆಂಗಳೂರಿನಲ್ಲಿ ಓದಿದ ಎಷ್ಟೋ ತಮ್ಮಂದಿರು ಕನ್ನಡ ಮಾತಾಡುತ್ತಾರೆ, ನಾಲ್ಕು ಸಾಲು ಬರೆಯಿರಿ ಎಂದರೆ ಬೆವರುತ್ತಾರೆ. ಕನ್ನಡದ ಬಾವುಟ ಹಿಡಿದ ಕೈ ಕನ್ನಡದ ಪೆನ್ನನ್ನೂ ಹಿಡಿಯಬೇಕು.

ನಮ್ಮ ಹೋರಾಟಗಳಿಂದ ಏನೂ ಸಿಕ್ಕಿಲ್ಲವೆಂದು ನಾನು ಹೇಳುವುದಿಲ್ಲ. ಡಾ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. ಕನ್ನಡಿಗರಿಗೆ ಉದ್ಯೋಗ ಎಂಬ ಮಾತಿಗೆ ಅಂದಿನಿಂದ ಒಂದು ಆಧಾರ ಸಿಕ್ಕಿತು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂದು 2019ರಲ್ಲಿ ಕೇಂದ್ರ ಪ್ರಕಟಿಸಿತು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂ.ಟಿ.ಎಸ್. ಪರೀಕ್ಷೆಗೆ 2023ರಲ್ಲಿ ಆ ಅವಕಾಶ ಬಂತು. ರಾಜ್ಯ ಸರಕಾರದ ನೇರ ನೇಮಕಾತಿಯಲ್ಲಿ, ಒಂದರಿಂದ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಅದಕ್ಕೆ ನಿಗದಿತ ನಮೂನೆಯಲ್ಲಿ ಶಾಲೆಯಿಂದ ಪ್ರಮಾಣಪತ್ರ ಬೇಕು. ಕೊನೆಯ ದಿನ ಅದಕ್ಕಾಗಿ ಓಡಾಡುವವರನ್ನು ನೋಡಿ ನನಗೆ ಸಾಕಾಗಿದೆ. ಇಂದೇ ತಂದಿಟ್ಟುಕೊಳ್ಳಿ!

ಖಾಸಗಿ ಕಂಪನಿಗಳ ಸಂಗತಿ ಬೇರೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂದು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಹೋರಾಟ ಮಾಡೋಣ, ಬೇಡವೆನ್ನುವವರು ಯಾರು? ಆದರೆ ನಾಳೆ ಬೆಳಿಗ್ಗೆ ನಿಮ್ಮ ಕಾಗದವನ್ನು ಕೈಗೆತ್ತಿಕೊಳ್ಳುವ ಮನುಷ್ಯ ಯಾವ ಮಸೂದೆಯನ್ನೂ ಓದುತ್ತಿರುವುದಿಲ್ಲ. ಅವನು ಓದುವುದು ನಿಮ್ಮ ಆ ಒಂದು ಪುಟವನ್ನು.

ಇಂಗ್ಲಿಷಿನಲ್ಲೇ ಬೇಕೆಂದರೆ?

ಸರಕಾರಿ ಕಚೇರಿಗೆ, ಸಹಕಾರಿ ಸಂಘಕ್ಕೆ, ಕನ್ನಡದಲ್ಲಿ ವ್ಯವಹರಿಸುವ ಅಂಗಡಿಗೆ ಕನ್ನಡದಲ್ಲೇ ಬರೆಯಿರಿ. ಹಿಂಜರಿಯಬೇಡಿ. ಆದರೆ ಬೆಂಗಳೂರಿನ ಕಂಪನಿ, ಗಲ್ಫಿನ ಕಂಪನಿ ಇಂಗ್ಲಿಷ್ ಕಾಗದ ಕೇಳುತ್ತದೆ. ಕೇಳಲಿ, ಕೊಡೋಣ. ನಮಗೆ ಇಂಗ್ಲಿಷಿನ ಮೇಲೆ ಹಗೆಯಿಲ್ಲ, ಅದರ ಭಯದ ಮೇಲೆ ಹಗೆ.

ಉಪಾಯ ಹೀಗಿದೆ. ಮೊದಲು ಕನ್ನಡದಲ್ಲಿ ಬರೆಯಿರಿ. ನಾಲ್ಕು ಪ್ರಶ್ನೆಗೂ ಉತ್ತರ ಬಂತೇ ನೋಡಿ. ಆಮೇಲೆ ಒಂದೊಂದು ಸಾಲನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯವಾಗಿ ಮಾಡಿ. ಇಂಗ್ಲಿಷ್ ಮಾಸ್ತರರಿಗೋ ಅಕ್ಕನಿಗೋ ತೋರಿಸಿ ತಿದ್ದಿಸಿ. ಒಂದೇ ನಿಯಮ: ನಿಮಗೆ ಕನ್ನಡದಲ್ಲಿ ಅರ್ಥ ಹೇಳಲು ಬಾರದ ಒಂದು ಶಬ್ದವೂ ನಿಮ್ಮ ಕಾಗದದಲ್ಲಿ ಇರಕೂಡದು. ಯೋಚನೆ ನಿಮ್ಮದಾಗಿದ್ದರೆ ಇಂಗ್ಲಿಷೂ ನಿಮ್ಮದಾಗುತ್ತದೆ.

ಈಗ ಮೊಬೈಲೇ ಕಾಗದ ಬರೆದುಕೊಡುತ್ತದೆ. ಒಂದು ಸಾಲು ಕೇಳಿದರೆ ಒಂದು ಪುಟ ಸುರಿಸುತ್ತದೆ. ನೋಡಿದೆ. ಚೆನ್ನಾಗಿದೆ, ತಪ್ಪಿಲ್ಲದ ಇಂಗ್ಲಿಷ್. ಆದರೆ ಅದು ನನ್ನ ಹಳೆಯ ಮೂವತ್ತು ರೂಪಾಯಿಯ ಕಾಗದವೇ, ಈಗ ಪುಕ್ಕಟೆ ಸಿಗುತ್ತಿದೆ! ನಿಮಗೂ ಅದೇ, ನಿಮ್ಮ ಪಕ್ಕದವನಿಗೂ ಅದೇ. ನೀವು ಈರುಳ್ಳಿ ಮಾರಿದ್ದು ನೀವು ಹೇಳದೆ ಆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ತಿದ್ದಲು ಬೇಕಾದರೆ ಬಳಸಿ. ನಿಮ್ಮ ಬದಲು ಬದುಕು ಹೇಳಲು ಬಳಸಬೇಡಿ.

ಪ್ರೆಸ್ಸಿನವನ ಕಿವಿಮಾತು

ನಾನು ಹುಡುಗನಾಗಿದ್ದಾಗ ಅಪ್ಪ ಅಚ್ಚುಮೊಳೆ ಜೋಡಿಸುವುದನ್ನು ಕಲಿಸಿದರು. ಒಂದೊಂದು ಅಕ್ಷರ, ಒಂದೊಂದು ಒತ್ತು ಕೈಯಲ್ಲಿ ಹೆಕ್ಕಿ ಇಡಬೇಕು. ಯಾರಾದರೂ ಉದ್ದುದ್ದ ಬರೆದು ತಂದರೆ ಅಪ್ಪ ಹೇಳುತ್ತಿದ್ದರು: "ತಮಾ, ಬೇಡದ ಶಬ್ದಕ್ಕೆ ಮೊಳೆ ಖರ್ಚು ಮಾಡಬೇಡ." ಈಗ ಮೊಳೆ ಇಲ್ಲ, ಬೆರಳು ಒತ್ತಿದರೆ ಅಕ್ಷರ. ಆದರೆ ಆ ಮಾತು ಉಳಿದಿದೆ. ಕಾಗದ ಬರೆದ ಮೇಲೆ ಪ್ರತಿ ಸಾಲನ್ನೂ ಕೇಳಿ: ನಿನ್ನನ್ನು ತೆಗೆದರೆ ಏನು ನಷ್ಟ? ನಷ್ಟವಿಲ್ಲದಿದ್ದರೆ ತೆಗೆದುಬಿಡಿ.

ಪ್ರೂಫ್ ನೋಡುವುದಕ್ಕೂ ದಾರಿ ಇದೆ. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ. ಒಂದು ರಾತ್ರಿ ಬಿಟ್ಟು ಗಟ್ಟಿಯಾಗಿ ಓದಿ. ಆಮೇಲೆ ಇನ್ನೊಬ್ಬರಿಂದ ಓದಿಸಿ. ಕಂಪನಿಯ ಹೆಸರು, ಹುದ್ದೆಯ ಹೆಸರು, ನಿಮ್ಮ ಫೋನಿನ ಅಂಕಿಗಳು, ಈ ಮೂರನ್ನು ಬೆರಳಿಟ್ಟು ನೋಡಿ. ಹಳೆಯ ಕಾಗದದ ಹೆಸರು ಹೊಸದರಲ್ಲಿ ಉಳಿದರೆ ಏನಾಗುತ್ತದೆಂದು ನನಗೆ ಗೊತ್ತಿದೆ.

ಕನ್ನಡದಲ್ಲಿ ಟೈಪು ಮಾಡಿ ಇ-ಮೇಲ್ ಕಳಿಸುವವರು ಕೇಳಿ. ನಮ್ಮಂಥ ಪ್ರೆಸ್ಸುಗಳಲ್ಲಿ ಇನ್ನೂ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ನಡೆಯುತ್ತವೆ. ಆ ಫೈಲನ್ನು ಹಾಗೇ ಕಳಿಸಿದರೆ, ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪು ಮಾಡಿಸಿ, ಪಿಡಿಎಫ್ ಮಾಡಿ ಕಳಿಸಿ. ಫೈಲಿಗೆ ನಿಮ್ಮ ಹೆಸರು, ಹುದ್ದೆಯ ಹೆಸರು ಇಡಿ. ಇ-ಮೇಲಿನ ವಿಷಯದ ಜಾಗ ಖಾಲಿ ಬಿಡಬೇಡಿ. ಒಳಗೆ ಏನೂ ಬರೆಯದೆ ಬರೀ ಫೈಲು ಕಳಿಸುವುದೆಂದರೆ ಮನೆಯೊಳಗೆ ಬಂದು ಮಾತಾಡದೆ ಚೀಲ ಇಟ್ಟು ಹೋದಂತೆ. ಎರಡು ಸಾಲಾದರೂ ಬರೆಯಿರಿ. ಕಾಲೇಜಿನಲ್ಲಿ ತಮಾಷೆಗೆ ಮಾಡಿಕೊಂಡ ಇ-ಮೇಲ್ ವಿಳಾಸ ಇದ್ದರೆ, ದಯವಿಟ್ಟು ನಿಮ್ಮ ಹೆಸರಿನಲ್ಲಿ ಹೊಸದು ಮಾಡಿಕೊಳ್ಳಿ.

ಈಗ ಆ ಪ್ರಶ್ನೆಗೆ ಉತ್ತರ

ಕನ್ನಡದ ಸಭೆಯಲ್ಲಿ ಅರ್ಜಿಯ ಪಾಠ ಏಕೆ?

ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಸಂತೋಷ. ನನಗೂ ಬೋರ್ಡು ಮಾಡುವ ಕೆಲಸ ಸಿಕ್ಕಿತು! ಆದರೆ ಬೋರ್ಡು ಹೊರಗಿರುತ್ತದೆ. ಒಳಗಿನ ಕುರ್ಚಿಯಲ್ಲಿ ಕೂತು ಸಂಬಳ ಎಣಿಸುವವರು ಯಾರು? ಆ ಕುರ್ಚಿಯಲ್ಲಿ ಕನ್ನಡ ಓದಿದ ನಮ್ಮ ತಮ್ಮ, ನಮ್ಮ ತಂಗಿ ಕೂರದೆ ಹೋದರೆ ಬೋರ್ಡಿನ ಅಕ್ಷರ ಎಷ್ಟು ದೊಡ್ಡದಾದರೂ ಏನು ಪ್ರಯೋಜನ?

ನಮ್ಮ ಜಿಲ್ಲೆ 1862ರಿಂದ ಮುಂಬಯಿ ಆಡಳಿತದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕನ್ನಡ ನಾಡಿಗೆ ಸೇರಿತು. ಕೆಲಸಕ್ಕಾಗಿ ಮುಂಬಯಿಗೆ ಹೋಗುವುದು ನಮ್ಮವರಿಗೆ ಹಳೆಯ ದಾರಿ. ಇದೇ ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯ ಕಾರ್ಖಾನೆಯ ಲೋಕದಲ್ಲಿ ದುಡಿಯುತ್ತಲೇ ಕನ್ನಡದಲ್ಲಿ ಬರೆದರು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಅಲ್ಲಿ ಔಷಧ ಕಂಪನಿಯಲ್ಲಿ ಕೆಲಸ ಮಾಡಿ ಕನ್ನಡದಲ್ಲಿ ಬರೆದರು. ಹೊರಗೆ ಹೋಗಿ ದುಡಿಯುವುದು ಅವಮಾನವಲ್ಲ. ನಮ್ಮ ಬದುಕನ್ನು ನಮ್ಮ ಮಾತಿನಲ್ಲಿ ಹೇಳಲು ಬಾರದೆ ಬೇರೆಯವರ ಹಾಳೆ ಹಿಡಿದು ನಿಲ್ಲುವುದು ಅವಮಾನ. ಆ ಅವಮಾನವನ್ನು ಮೂವತ್ತು ರೂಪಾಯಿಗೆ ನಾನೇ ಮಾರಿದ್ದೇನೆ. ಅದಕ್ಕೇ ಇಂದು ಇಲ್ಲಿ ನಿಂತಿದ್ದೇನೆ.

ಇಂದು ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. 'ನಾನು ನನ್ನ ಕೈಯಾರೆ ಮಾಡಿದ ಕೆಲಸಗಳು' ಎಂದು ಮೇಲೆ ಬರೆಯಿರಿ. ಅಂಗಡಿಯಲ್ಲಿ ನಿಂತದ್ದು, ದೋಣಿಯ ಲೆಕ್ಕ, ಮದುವೆ ಮನೆಯ ಬಡಿಸಾಟ, ಕಾಲೇಜಿನ ಕಾರ್ಯಕ್ರಮ, ತಂಗಿಗೆ ಹೇಳಿಕೊಟ್ಟ ಪಾಠ, ಯಾವುದನ್ನೂ ಬಿಡಬೇಡಿ. ಹತ್ತು ಸಾಲಾದರೂ ಆಗುತ್ತದೆ. ಆ ಹಾಳೆ ಹಿಡಿದು ನನ್ನ ಅಂಗಡಿಗೆ ಬನ್ನಿ. ಕೂತು ಬರೆಯೋಣ. ಪ್ರಿಂಟಿನ ದುಡ್ಡು ಕೊಡಿ, ಅದು ಕಾಗದದ, ಇಂಕಿನ ಲೆಕ್ಕ. ಬರೆಸಿದ್ದಕ್ಕೆ ಒಂದು ಪೈಸೆಯೂ ಬೇಡ. ಆ ಲೆಕ್ಕ ನನ್ನ ತಲೆಯ ಮೇಲೆ ಇನ್ನೂ ಬಾಕಿ ಇದೆ.